ಮೂರನೇ ಸಲ ಕೇಳುವವರು

ರಾಯಚೂರು
ಬುಧವಾರ, 10-11-1982

ಸೌಭಾಗ್ಯವತಿ ಆದೆಮ್ಮನಿಗೆ ಹನುಮಂತ್ರಾಯನ ಪ್ರೀತಿಯ ಆಶೀರ್ವಾದಗಳು.

ನಿನ್ನ ಮೊಣಕಾಲು ಹೇಗಿದೆ? ದೇವದುರ್ಗದ ನೀರು ನಿನಗೆ ಒಗ್ಗುವುದಿಲ್ಲ, ಕಾಯಿಸಿ ಆರಿಸಿ ಕುಡಿಯುತ್ತಿದ್ದೀಯೋ ಇಲ್ಲವೋ? ಬಾಣಂತಿಗೆ ಹೇಳುವ ಪಥ್ಯವನ್ನು ಅರ್ಧದಷ್ಟಾದರೂ ನೀನೂ ಮಾಡು. ಯಂಕಮ್ಮನಿಗೆ ಹಾಲು ಸರಿಯಾಗಿ ಬಂತೇ? ಅಂಟಿನ ಉಂಡಿ ತಿನ್ನುವುದಿಲ್ಲವೆಂದು ಮೊದಲ ಹೆರಿಗೆಯಲ್ಲಿ ಹಟ ಮಾಡಿದ್ದಳು, ಈ ಸಲ ಅವಳ ಅತ್ತೆಯ ಎದುರಿಗೆ ಹಾಗೆ ಮಾಡದಂತೆ ನೋಡಿಕೋ. ಕೂಸು ನನ್ನ ಮೂಗು ಹೊತ್ತು ಬಂದಿದೆ ಎಂದು ಹೇಳಿಕಳಿಸಿದ್ದೀಯಲ್ಲ, ಪಾಪ, ಹೆಣ್ಣು ಕೂಸಿಗೆ ಆ ಮೂಗು ಯಾಕೆ ಬೇಕಿತ್ತು? ಶನಿವಾರದ ತೊಟ್ಟಿಲ ಕಾರ್ಯವನ್ನು ಚೆಂದವಾಗಿ ಮಾಡಿರಿ. ನನ್ನ ಸಲುವಾಗಿ ಕಾಯಬೇಡಿರಿ. ರಾತ್ರಿಶಾಲೆಯ ಮಾಸ್ತರರು ನಿನಗೆ ಒತ್ತಕ್ಷರ ಕಲಿಸುವ ಹೊತ್ತಿಗೆ ನಾನು ಕಾಲು ಮುರಿದುಕೊಂಡು ನಿನ್ನ ಓದು ಕೆಡಿಸಿದೆ. ಅದಕ್ಕೇ ಅಕ್ಷರಗಳನ್ನು ದೊಡ್ಡದಾಗಿ ಬರೆದಿದ್ದೇನೆ. ಅಳಿಯನ ಕೈಗೆ ಕೊಟ್ಟು ಓದಿಸಬೇಡ. ತಡವಾದರೂ ಚಿಂತೆಯಿಲ್ಲ, ನೀನೇ ಓದು.

ನಾನು ಇಲ್ಲಿ ಆರಾಮವಾಗಿದ್ದೇನೆ. ಕಾಲಿನ ವಿಷಯ ಆಮೇಲೆ ಬರೆಯುತ್ತೇನೆ.

ನೀನು ಹೋದ ಮೇಲೆ ಇಲ್ಲಿ ಬಹಳ ನಡೆದಿದೆ. ಓಡುವ ಬಸ್ಸಿನ ಏಣಿಯನ್ನು ಆಯುಷ್ಯವೆಲ್ಲ ಹತ್ತಿ ಇಳಿದ ಕಂಡಕ್ಟರು ಸ್ವಂತ ಮನೆಯ ಮಾಳಿಗೆಯ ಏಣಿಯಿಂದ ಬಿದ್ದನೆಂದು ನಮ್ಮ ಮಾನ್ವಿಯವರು ಇನ್ನೂ ನಗುತ್ತಿರಬಹುದು. ನಗಲಿ. ದೊಡ್ಡ ಆಸ್ಪತ್ರೆಯಲ್ಲಿ ತೊಡೆಯ ಎಲುಬು ಕೂಡಿಸಿದವರು, ನಡೆಯುವುದು ರೂಢಿಯಾಗುವ ತನಕ ಇರು ಎಂದು ಗಂಜ್ ಮಾರುಕಟ್ಟೆಯ ಹಿಂದಿನ ಈ ಮನೆಗೆ ಕಳಿಸಿದಾಗ ನಿನಗೂ ನನಗೂ ಇದೊಂದು ಛತ್ರದಂತೆ ಕಂಡಿತ್ತು. ಹೊರಗೆ ಹಲಗೆಯ ಮೇಲೆ ನರ್ಸಿಂಗ್ ಹೋಮ್ ಎಂದು ಬರೆದಿದ್ದರೂ ಓಣಿಯವರು ಇದನ್ನು ಮುದುಕರ ದವಾಖಾನಿ ಎನ್ನುತ್ತಾರೆ. ಹತ್ತಿ ವ್ಯಾಪಾರಿಯೊಬ್ಬರು ತಾಯಿಯ ಹೆಸರಿನಲ್ಲಿ ನಡೆಸುವ ಧರ್ಮದ ಮನೆ. ಊಟಕ್ಕೆ ಕೊರತೆಯಿಲ್ಲ. ರೊಟ್ಟಿ ಮಾತ್ರ ನಿನ್ನ ಕೈಯದಲ್ಲ, ಬಸ್ಸಿನ ಟಯರು ಅದಕ್ಕಿಂತ ಮೆತ್ತಗಿರುತ್ತದೆ.

ಪ್ರತಿ ಶನಿವಾರ ಸಣ್ಣ ಡಾಕ್ಟರು ಬರುತ್ತಾರೆ, ನೀನು ನೋಡಿದ್ದೀಯ, ಮೈಸೂರು ಕಡೆಯ ಹುಡುಗ, ಕನ್ನಡಕದವರು. ಉಳಿದ ದಿನ ಅವರು ದೊಡ್ಡ ಆಸ್ಪತ್ರೆಯಲ್ಲಿರುತ್ತಾರೆ. ಒಂದೊಂದೇ ಮಂಚದ ಹತ್ತಿರ ನಿಂತು, ನಾಡಿ ಹಿಡಿದು, ಹೇಗಿದ್ದೀರಿ ಎಂದು ಕೇಳಿ, ಮಂಚದ ಕಾಲಿಗೆ ಕಟ್ಟಿದ ಕಾರ್ಡಿನಲ್ಲಿ ಬರೆಯುತ್ತಾರೆ. ಆರಾಮ ಎಂದು ಬರೆಸಿಕೊಂಡು, ಎದ್ದು ನಡೆದಾಡುವಂತೆಯೂ ಆದವರಿಗೆ ಮುಂದಿನ ಶನಿವಾರ ಊರಿನ ದಾರಿ. ಉಳಿದವರಿಗೆ ಔಷಧ, ಪಥ್ಯ, ಇನ್ನಷ್ಟು ದಿನದ ಹಾಸಿಗೆ. ಕಂಡಕ್ಟರನ ಲೆಕ್ಕದಲ್ಲಿ ಹೇಳಬೇಕೆಂದರೆ ಇಳಿಯುವವರಿಗೆ ಒಂದು ಚೀಟಿ, ಕೂತವರಿಗೆ ಒಂದು ಚೀಟಿ. ತಪ್ಪು ಚೀಟಿ ಹರಿದರೆ ಮನುಷ್ಯ ನಡುದಾರಿಯಲ್ಲಿ ಇಳಿದುಬಿಡುತ್ತಾನೆ. ನನಗೆ ಈಚೆಗೆ ಅದೇ ಹೆದರಿಕೆ ಹತ್ತಿಕೊಂಡಿದೆ. ಊಟ ಸೇರುವುದಿಲ್ಲ.

ಶನಿವಾರ ಬೆಳಿಗ್ಗೆ ಈ ಮನೆಯನ್ನು ನೀನು ನೋಡಬೇಕು. ಮದುವೆಯ ಮನೆ. ದೊಡ್ಡವರು ಬರುತ್ತಾರೆಂದು ಎಲ್ಲರೂ ನಸುಕಿಗೇ ಎದ್ದು ಮುಖ ತೊಳೆದು, ತಲೆ ಬಾಚಿ, ಟ್ರಂಕಿನಿಂದ ಒಗೆದ ಅಂಗಿ ತೆಗೆಯುತ್ತಾರೆ. ಯರಗೇರಾದ ಶಾಮೀದಸಾಬ ನನ್ನ ಪಕ್ಕದ ಮಂಚದವನು, ಆಡಿನ ವ್ಯಾಪಾರ ಮಾಡಿದವನು, ವಾರವೆಲ್ಲ ಕೆಮ್ಮಿ ಕೆಮ್ಮಿ ಮುದ್ದೆಯಾಗಿ ಬಿದ್ದಿರುತ್ತಾನೆ. ಶನಿವಾರ ಮಾತ್ರ ಕಣ್ಣಿಗೆ ಸುರ್ಮಾ ಹಚ್ಚಿ, ಟೊಪ್ಪಿಗೆ ಇಟ್ಟು, ನೆಟ್ಟಗೆ ಕೂತುಬಿಡುತ್ತಾನೆ. ಹೆಂಗಸರ ಕೋಣೆಯ ರಂಜಾನಬಿ, ನಮ್ಮ ಮಾನ್ವಿಯ ಬಳೆಗಾರ್ತಿ, ಬಾತ ಕಾಲುಗಳನ್ನು ಸೀರೆಯೊಳಗೆ ಮುಚ್ಚಿ ನಗುತ್ತಾ ಕೂರುತ್ತಾಳೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಡಾಕ್ಟರು ಬಂದು, "ಹೇಗಿದ್ದೀರಿ ತಾತ, ಏನಾದರೂ ತೊಂದರೆ ಇದೆಯಾ?" ಎನ್ನುತ್ತಾರೆ. "ಆರಾಮ್ ಅದೀನ್ರಿ ಸಾಹೇಬ್ರ, ನಿಮ್ಮ ದಯಾ" ಎನ್ನುತ್ತಾರೆ ಇವರು. ಡಾಕ್ಟರು ಬರೆದುಕೊಂಡು ಮುಂದಿನ ಮಂಚಕ್ಕೆ ಹೋಗುತ್ತಾರೆ.

ಅವರದು ತಪ್ಪೆಂದು ನಾನು ಹೇಳುವುದಿಲ್ಲ. ಅವರ ಊರಿನಲ್ಲಿ ಕೇಳಿದ್ದಕ್ಕೆ ಹೇಳುತ್ತಾರೋ ಏನೋ. ನಮ್ಮಲ್ಲಿ ಮೊದಲನೇ ಸಲ ಕೇಳುವುದು ಮರ್ಯಾದೆಗೆ. ಅದಕ್ಕೆ ಆರಾಮ ಎನ್ನುವುದು ಮರ್ಯಾದೆಯ ಜವಾಬು. ಎರಡನೇ ಸಲ ಕೇಳಿದರೆ, ಹೂಂ, ನಡದದ ರೀ ಎಂದು ಅಡ್ಡಗೋಡೆಯ ಮೇಲೆ ದೀಪ ಇಡುತ್ತೇವೆ. ಇನ್ನೂ ಹೋಗದೆ ಕೂತು ಮೂರನೇ ಸಲ ಕೇಳಿದವರಿಗೆ ನೋವು ಎಲ್ಲಿದೆ ಎಂದು ಹೇಳುತ್ತೇವೆ. ಮೊದಲನೇ ಮಾತಿಗೇ ರೋಗ ಹೇಳುವುದೆಂದರೆ ಮೊದಲನೇ ಮಾತಿಗೇ ಪರರ ಮನೆಯಲ್ಲಿ ಎಲೆಗೆ ಕೂತಂತೆ. ಮದುವೆ ಗೊತ್ತಾದ ಹೊಸದರಲ್ಲಿ ನಾನು ಮಲ್ಲಟಕ್ಕೆ, ನಿಮ್ಮ ಮನೆಗೆ ಬಂದದ್ದು ನೆನಪಿದೆಯೇ? ಬೆಳಗಿನಿಂದ ಹೊಟ್ಟೆಗೇನೂ ಇರಲಿಲ್ಲ. ನಿಮ್ಮಪ್ಪ, ಉಣ್ಣಾಕ ಏಳ್ರಿ ಎಂದರು. ಉಂಡು ಬಂದೀನ್ರಿ ಎಂದೆ. ಇನ್ನೊಮ್ಮೆ ಎಂದರು, ಇನ್ನೊಮ್ಮೆ ನಾನೂ ಅಂದೆ. ಅಷ್ಟರಲ್ಲಿ ಯಾರೋ ಎತ್ತು ಹಗ್ಗ ಹರಿದುಕೊಂಡಿತೆಂದು ಕೂಗಿದರು, ಅವರು ಎದ್ದು ಹೋದವರು ಸಂಜೆಗೇ ಬಂದದ್ದು. ನೀನು ಒಳಗಿನಿಂದ ನಿನ್ನ ತಮ್ಮನ ಕೈಯಲ್ಲಿ ರೊಟ್ಟಿ, ಶೇಂಗಾ ಹಿಂಡಿ ಕಳಿಸದಿದ್ದರೆ ನಿನ್ನ ಗಂಡ ಮದುವೆಗೆ ಮುಂಚೆಯೇ ಮಲ್ಲಟದಲ್ಲಿ ಮಣ್ಣಾಗುತ್ತಿದ್ದ.

ಆ ಮೇಲೆ ಇಷ್ಟು ವರ್ಷ ನೀನು ನನ್ನನ್ನು ಎರಡು ಸಲಕ್ಕೆ ಬಿಟ್ಟವಳಲ್ಲ. ಡ್ಯೂಟಿ ಮುಗಿಸಿ ಜ್ವರ ಹೊತ್ತು ಬಂದ ದಿನ ಬಾಗಿಲಲ್ಲಿ ಒಮ್ಮೆ ಕೇಳುತ್ತಿದ್ದೆ, ನೀರು ಕೊಡುವಾಗ ಒಮ್ಮೆ ಕೇಳುತ್ತಿದ್ದೆ. ಮೂರನೇ ಸಲ ಕೇಳುವಾಗ ಮೊರದಲ್ಲಿ ಜೋಳ ಹಸನು ಮಾಡುತ್ತ, ನನ್ನ ಕಡೆ ನೋಡದೆ ಕೇಳುತ್ತಿದ್ದೆ. ನಾನು ಹೇಳಿಬಿಡುತ್ತಿದ್ದೆ. ಇಲ್ಲಿ ಹಾಗೆ ಕೇಳುವವರು ಯಾರೂ ಇಲ್ಲ ಆದೆಮ್ಮ. ಒಳ್ಳೆಯವರಿದ್ದಾರೆ, ಆದರೆ ಎಲ್ಲರಿಗೂ ಅವಸರ.

ಚಂದ್ರಬಂಡದ ಮೌನಪ್ಪ ತೀರಿಕೊಂಡದ್ದು ನಿನಗೆ ಗೊತ್ತಿಲ್ಲ. ನೀನಿದ್ದಾಗ ಬಾಗಿಲ ಬಳಿಯ ಮಂಚದಲ್ಲಿ ಕಂಬಳಿ ಹೊದ್ದು ಕೂರುತ್ತಿದ್ದ ಕುರುಬರ ಹಿರಿಯ. ನಿನ್ನನ್ನು ತಂಗೀ ಎಂದು ಕರೆದು, ಮನೆಯಿಂದ ಬಂದ ಗಿಣ್ಣ ಕೊಟ್ಟಿದ್ದನಲ್ಲ, ಅವನೇ. ಅವನಿಗೂ ನನ್ನಂತೆ ತೊಡೆಯ ಎಲುಬು. ಒಂದು ಗುರುವಾರ ಅವನು ರೊಟ್ಟಿ ಮುಟ್ಟದೆ ಹಾಗೇ ಇಟ್ಟದ್ದನ್ನು ನೋಡಿ ಕೇಳಿದೆ. ಆರಾಮ ಅಂದ. ಮತ್ತೆ ಕೇಳಿದೆ, ನಡದದ ಅಂದ. ಮೂರನೇ ಸಲ ಕೇಳಿದಾಗ ಕಂಬಳಿ ಸರಿಸಿ ಮೀನಖಂಡ ತೋರಿಸಿದ. ಬಾತು ಮಿರಮಿರ ಮಿಂಚುತ್ತಿತ್ತು. ಮುಟ್ಟಿದರೆ ಬಿಸಿ. "ಉಸಿರು ಮ್ಯಾಲಕ್ಕ ಎಳದ್ರ ಪಕ್ಕದಾಗ ಚುಚ್ತದಪ್ಪ" ಎಂದ. ಶನಿವಾರ ಡಾಕ್ಟರಿಗೆ ಹೇಳು ಮಾರಾಯ ಎಂದೆ. "ಹೇಳ್ತೀನಿ ತಗಾ" ಎಂದ.

ಶನಿವಾರ ಬಂತು. ಹೊಸ ಧೋತರ ಉಟ್ಟು, ರುಮಾಲು ಸುತ್ತಿ, ಕಂಬಳಿಯನ್ನು ಕಾಲ ಮೇಲೆ ಹೊದ್ದು ಕೂತಿದ್ದ. ಡಾಕ್ಟರು ಕೇಳಿದರು. "ಆರಾಮ್ ಅದೀನ್ರಿ ಯಪ್ಪಾ, ನಿಮ್ಮಂಥೋರು ಬಂದು ಮಾತಾಡ್ಸಿದ್ರ ಸಾಕು" ಎಂದ. ಅವನ ಪಕ್ಕದಲ್ಲೇ ಕೂತಿದ್ದ ನಾನು ಬಾಯಿ ತೆರೆಯಬೇಕೆನ್ನುವಷ್ಟರಲ್ಲಿ ನನ್ನ ಕೈಯನ್ನು ಗಟ್ಟಿಯಾಗಿ ಒತ್ತಿ ಹಿಡಿದ. ಆ ಮೇಲೆ, ಅವರು ಬಹಳ ದಣಿದಾರ, ಮುಂದಿನ ವಾರ ಹೇಳಿದ್ರಾತು ಎಂದ. ಮರುದಿನ ಬೆಳಿಗ್ಗೆ ನಲ್ಲಿಯ ಹತ್ತಿರ ತಂಬಿಗೆ ಬಿದ್ದ ಸದ್ದಾಯಿತು. ನಾನು ಕೋಲು ಊರಿಕೊಂಡು ಹೋಗುವಷ್ಟರಲ್ಲಿ ಮೌನಪ್ಪ ಇರಲಿಲ್ಲ. ಅವನ ಕಾರ್ಡಿನಲ್ಲಿ ಆರಾಮ ಎಂದೇ ಇತ್ತು.

ಡಾಕ್ಟರು ಓಡಿ ಬಂದರು. ನೋಡುವುದೆಲ್ಲ ನೋಡಿದ ಮೇಲೆ ಖಾಲಿ ಮಂಚದ ಮೇಲೆ ಕೂತುಬಿಟ್ಟರು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಎದೆಗೆ ಏರಿರಬೇಕು ಎಂದರು. ಮೊದಲೇ ತಿಳಿದಿದ್ದರೆ ಔಷಧ ಕೊಡಬಹುದಿತ್ತು, ಅಲುಗಾಡದೆ ಮಲಗಿಸಬಹುದಿತ್ತು, ಇಂಥ ಕಾಲಿಟ್ಟುಕೊಂಡು ನಡೆಯುವುದು, ಬಸ್ಸಿನಲ್ಲಿ ಕೂರುವುದು ಸಾವನ್ನು ಕರೆದಂತೆ ಎಂದರು. ಆ ಮೇಲೆ ನನ್ನ ಕಡೆ ತಿರುಗಿ, "ನಾನು ಕೇಳಿದ್ದೆನಲ್ಲ ಹನುಮಂತ್ರಾಯರೇ?" ಎಂದರು. ಅವರ ಮುಖ ನೋಡಲಾಗಲಿಲ್ಲ, ಎಳೆಯ ಹುಡುಗ. ಕೇಳಿದ್ರಿ ಸಾಹೇಬ್ರ, ಒಮ್ಮೆ ಕೇಳಿದ್ರಿ ಎಂದೆ.

ನಮ್ಮ ಕಡೆಯ ರೀತಿ ಹೇಳಿದೆ. ಅವರು ಅದನ್ನು ಹಗುರಾಗಿ ತೆಗೆದುಕೊಳ್ಳಲಿಲ್ಲ. ಇಷ್ಟು ಮಂದಿಯನ್ನು ಮೂರು ಮೂರು ಸಲ ಕೇಳುತ್ತ ಕೂತರೆ ಸಂಜೆಯಾದರೂ ಮುಗಿಯುವುದಿಲ್ಲ, ದೊಡ್ಡ ಆಸ್ಪತ್ರೆಯಲ್ಲಿ ಸಾಲು ನಿಂತಿರುತ್ತದೆ, ನೀವು ನನ್ನ ಜೊತೆ ನಿಲ್ಲಿ, ಇವರೆಲ್ಲ ಮೊದಲ ಸಲಕ್ಕೇ ಹೇಳುವಂತೆ ಮಾಡಿ ಎಂದರು. ನಾನು ಒಪ್ಪಿಕೊಂಡೆ. ನಿನಗೆ ನನ್ನ ಸ್ವಭಾವ ಗೊತ್ತು. ಯಾರಾದರೂ ಸೀಟಿ ಕೈಗೆ ಕೊಟ್ಟರೆ ಊದದೆ ಇರಲಾರೆ.

ಆ ವಾರವೆಲ್ಲ ಮಂಚದಿಂದ ಮಂಚಕ್ಕೆ ಕೋಲು ಊರಿಕೊಂಡು ಭಾಷಣ ಮಾಡಿದೆ. ಮೌನಪ್ಪನನ್ನು ನೆನೆಸಿಕೊಳ್ಳಿರಿ, ಮರ್ಯಾದೆ ಊರಲ್ಲಿ ಇಟ್ಟುಕೊಳ್ಳಿರಿ, ಇಲ್ಲಿ ರೋಗ ಹೇಳಿರಿ ಎಂದೆ. ಶಾಮೀದಸಾಬನಿಗೆ ಸಿಟ್ಟು ಬಂತು. "ಅರೇ ಕಂಡಕ್ಟರ್ ಸಾಬ್, ಪಹಿಲೇ ಮಾತಿಗೇ ಕೈ ಚಾಚಾಕ ನಾವೇನು ಖೈರಾತ್ ಬೇಡಾಕ ಬಂದೀವೇನ್ರೀ?" ಎಂದ. ಕೆಮ್ಮಿನ ಹೆಸರು ಹೇಳಿದರೆ ಕೆಮ್ಮು ಮನೆ ಮಾಡಿಕೊಂಡು ಕೂರುತ್ತದೆ ಎಂದೂ ಅಂದ. ಅವನನ್ನು ಒಪ್ಪಿಸಲು ಎರಡು ದಿನ ನನ್ನ ಪಾಲಿನ ಚಹಾ ಅವನಿಗೆ ಹೋಯಿತು. ರಂಜಾನಬಿ ಮಾತ್ರ ಸುಮ್ಮನೆ ಕೇಳಿಕೊಂಡು, "ಹೇಳ್ತೀನಿ ಅಣ್ಣಾ, ಆದ್ರ ಮೊದಲ ನೀವು ನಿಮ್ಮದು ಹೇಳ್ರಿ, ನಿಮ್ಮ ಮಾರಿ ಯಾಕ ಬಾಡ್ಯದ?" ಎಂದಳು. ನಾನು ನಕ್ಕು ಬಂದುಬಿಟ್ಟೆ. ನನ್ನ ಕಾಲಿನ ವಿಷಯ ಬರೆಯುತ್ತೇನೆ ಎಂದಿದ್ದೆ, ಬರೆಯುತ್ತೇನೆ. ಮೊದಲು ಇದನ್ನು ಮುಗಿಸುತ್ತೇನೆ.

ಹೋದ ಶನಿವಾರ ಡಾಕ್ಟರ ಪಕ್ಕದಲ್ಲಿ ನಾನು ನಿಂತೆ. ಹಳೆಯ ಖಾಕಿ ಕೋಟು ಹಾಕಿಕೊಂಡಿದ್ದೆ, ಗುಂಡಿಗಳನ್ನೂ ಉಜ್ಜಿದ್ದೆ. ನಗಬೇಡ. ಎಲ್ಲರೂ ನನ್ನ ಮುಖ ನೋಡಿದರು, ನಾನು ಕಣ್ಣು ಬಿಟ್ಟು ಹೆದರಿಸಿದೆ. ಶಾಮೀದಸಾಬ ಟೊಪ್ಪಿಗೆ ತೆಗೆದು ಪಕ್ಕಕ್ಕಿಟ್ಟು, ರಾತ್ರಿ ಕೆಮ್ಮಿನಲ್ಲಿ ರಕ್ತ ಬೀಳುತ್ತದೆ ಎಂದುಬಿಟ್ಟ. ಪಕ್ಕದ ಮಂಚದ ನನಗೇ ಅದು ಗೊತ್ತಿರಲಿಲ್ಲ. ರಂಜಾನಬಿ ಸೀರೆ ಸರಿಸಿ ಪಾದ ತೋರಿಸಿದಳು. ಡಾಕ್ಟರು ಬೆರಳಿನಿಂದ ಒತ್ತಿದ ಕುಳಿ ಹಾಗೇ ಉಳಿಯಿತು. ಒಬ್ಬರ ಹಿಂದೆ ಒಬ್ಬರು ಹೇಳುತ್ತ ಹೋದರು. ಇಷ್ಟು ದಿನ ಈ ಮನೆಯಲ್ಲಿ ಇಷ್ಟು ನೋವು ನಗುತ್ತಾ ಕೂತಿತ್ತೇ ಎಂದು ನನಗೆ ಭಯವಾಯಿತು. ಅದರ ಹಿಂದಿನ ವಾರದ ಕಾರ್ಡುಗಳಲ್ಲಿ ಹೆಚ್ಚಿನವೆಲ್ಲ ಸುಳ್ಳಾದವು. ಡಾಕ್ಟರು ಬೆವರು ಒರೆಸಿಕೊಳ್ಳುತ್ತ ಬರೆದೇ ಬರೆದರು. ಶಾಮೀದಸಾಬನ ಎದೆಯ ಫೋಟೋ ತೆಗೆಸಿದ್ದಾರೆ, ಔಷಧ ಶುರುವಾಗಿದೆ. ರಂಜಾನಬಿಯ ಬಾವು ನಿನ್ನೆಯಿಂದ ಇಳಿಯುತ್ತಿದೆ. ಇದು ಒಳ್ಳೆಯದೇ ಆಯಿತು, ನನಗೂ ಸಂತೋಷವಿದೆ.

ಕಡೆಗೆ ನನ್ನ ಮಂಚ ಬಂತು. ನಾನು ಅದರ ಮೇಲೆ ಕೂತಿರಲಿಲ್ಲ, ಡಾಕ್ಟರ ಪಕ್ಕದಲ್ಲೇ ನಿಂತಿದ್ದೆ. ಅವರು ನನ್ನ ಹೆಗಲ ಮೇಲೆ ಕೈಯಿಟ್ಟು, "ನೀವಂತೂ ಚೆನ್ನಾಗಿದ್ದೀರಿ ಬಿಡಿ, ನೋಡಿ ಎಲ್ಲರೂ, ಹೀಗೆ ನಡೆದಾಡಬೇಕು" ಎಂದರು. ಕೇಳಲೂ ಇಲ್ಲ. ಇಡೀ ಕೋಣೆ ನನ್ನನ್ನೇ ನೋಡುತ್ತಿತ್ತು. ಹೌದ್ರಿ ಸಾಹೇಬ್ರ ಎಂದೆ. ಬರೆದರು. ಈ ಶನಿವಾರ ನನ್ನ ಬಿಡುಗಡೆ. ಡಾಕ್ಟರು ಬಂದು ಕಾರ್ಡಿಗೆ ರುಜು ಹಾಕಿದ ಮೇಲೆ ಮಧ್ಯಾಹ್ನದ ದೇವದುರ್ಗದ ಬಸ್ಸಿಗೆ ನಾನೇ ಬರುತ್ತೇನೆ. ತೊಟ್ಟಿಲ ಕಾರ್ಯ ಮುಗಿದಿರುತ್ತದೆ, ಆದರೂ ಕೂಸನ್ನು ಎತ್ತಿಕೊಳ್ಳುವುದಕ್ಕಾದರೂ ಸಿಗುತ್ತದೆ. ಡ್ರೈವರ್ ಅಯ್ಯಪ್ಪ ಮುಂದಿನ ಸೀಟು ಹಿಡಿದಿಡುತ್ತೇನೆ ಎಂದಿದ್ದಾನೆ.

ಇನ್ನೇನು ಬರೆಯಲಿ. ಯಂಕಮ್ಮನಿಗೂ ಕೂಸಿಗೂ ನನ್ನ ಆಶೀರ್ವಾದ. ಕೂಸಿಗೆ ನಮ್ಮ ಅವ್ವನ ಹೆಸರೇ ಇಡಬೇಕೆಂದು ನಾನು ಹಟ ಹಿಡಿಯುವುದಿಲ್ಲ, ಅವರ ಮನೆಯವರ ಮನಸ್ಸಿಗೆ ಬಂದ ಹೆಸರು ಇಡಲಿ. ಅಳಿಯಂದಿರಿಗೂ ಬೀಗತಿಯವರಿಗೂ ನನ್ನ ನಮಸ್ಕಾರ ತಿಳಿಸು. ದೊಡ್ಡ ಮೊಮ್ಮಗ ಬಸ್ಸಿನ ಸೀಟಿ ಕೇಳಿದ್ದ, ನೀನು ಒಯ್ದ ಟ್ರಂಕಿನಲ್ಲಿ ಮೂಲೆಗಿದೆ, ಕೊಡು. ನೀನು ಮೊಣಕಾಲಿಗೆ ಎಣ್ಣೆ ಹಚ್ಚಿಕೋ, ತಣ್ಣೀರಿನಲ್ಲಿ ಹೆಚ್ಚು ಕೈಯಾಡಿಸಬೇಡ. ದೇವರು ನಿನ್ನನ್ನು ಸುಖವಾಗಿಟ್ಟಿರಲಿ.

ಇತಿ ನಿನ್ನ
ಹನುಮಂತ್ರಾಯ

ತಾ.ಕ.: ಲಕೋಟೆ ಅಂಟಿಸಿ ಆಗಿತ್ತು, ಮತ್ತೆ ಬಿಚ್ಚಿದ್ದೇನೆ. ಕಂಡಕ್ಟರ್ ಸತ್ತಾರ್ ಸಾಬ್ ಹೊರಗೆ ನಿಂತಿದ್ದಾರೆ, ಅವರ ಬಸ್ಸು ಹೊರಡುವ ಹೊತ್ತು. ಟಪಾಲಿಗೆ ಹಾಕಿದರೆ ತಡವಾಗುತ್ತದೆಂದು ಅವರ ಕೈಯಲ್ಲೇ ಕೊಡುತ್ತಿದ್ದೇನೆ, ಸಂಜೆಗೆ ನಿನಗೆ ಮುಟ್ಟುತ್ತದೆ. ಆದೆಮ್ಮ, ನನ್ನ ಕಾಲು ಬಾತಿದೆ. ಎಲುಬು ಮುರಿದ ಕಾಲೇ, ಮೀನಖಂಡ, ಮೌನಪ್ಪನದು ಇದ್ದ ಹಾಗೆಯೇ. ಹೋದ ಶನಿವಾರ ಡಾಕ್ಟರ ಪಕ್ಕದಲ್ಲಿ ನಿಂತಾಗಲೇ ಬಿಗಿದಿತ್ತು, ಖಾಕಿ ಪ್ಯಾಂಟಿನೊಳಗೆ ಯಾರಿಗೂ ಕಾಣಲಿಲ್ಲ. ನಿನ್ನೆಯಿಂದ ಉಸಿರು ಎಳೆದರೆ ಪಕ್ಕದಲ್ಲಿ ಚುಚ್ಚುತ್ತದೆ. ಊರಿಗೆಲ್ಲ ಪುರಾಣ ಹೇಳಿದವನು ನಾನು, ನನ್ನ ಬಾಯಿಂದಲೇ ಅದು ಹೊರಡುತ್ತಿಲ್ಲ. ಇವತ್ತು ಬೆಳಿಗ್ಗೆ ಹೇಳಬೇಕೆಂದು ಗಟ್ಟಿ ಮನಸ್ಸು ಮಾಡಿ ಕೂತಿದ್ದೆ. ಆಯಾ ಮಹಬೂಬೀ ಬಕೇಟು ಹಿಡಿದು ಹೋಗುತ್ತ, "ಆರಾಮ ಏನ್ರೀ ಕಂಡಕ್ಟರ್ ಸಾಬ್?" ಎಂದಳು. ಆರಾಮ ಎಂದುಬಿಟ್ಟೆ. ನನಗೆ ಬಹಳ ಹೆದರಿಕೆಯಾಗಿದೆ. ಆ ಬಸ್ಸು ಹತ್ತಲು ಹೆದರಿಕೆ, ನಲ್ಲಿಯ ತನಕ ಹೋಗಲು ಹೆದರಿಕೆ. ತೊಟ್ಟಿಲ ಕಾರ್ಯವನ್ನು ಬೀಗತಿಯವರಿಗೆ ಒಪ್ಪಿಸು, ಯಂಕಮ್ಮ ಅತ್ತರೆ ಅಳಲಿ, ನಾಳೆಯ ಮೊದಲನೇ ಬಸ್ಸಿಗೆ ಬಾ. ಬಂದವಳು ಮೊದಲು ಆ ಡಾಕ್ಟರನ್ನು ಕರೆಸು, ಹೇಳಿಕಳಿಸಿದರೆ ಬರುತ್ತಾರೆ. ಅವರ ಎದುರಿಗೇ ನನ್ನನ್ನು ಕೇಳು. ನಾನು ಆರಾಮ ಎನ್ನುತ್ತೇನೆ. ನಗುತ್ತೇನೆ, ಸಿಟ್ಟು ಮಾಡುತ್ತೇನೆ, ಕೂಸಿನ ತೊಟ್ಟಿಲು ಬಿಟ್ಟು ಯಾಕೆ ಬಂದೆ ಎಂದು ಎಲ್ಲರೆದುರಿಗೆ ಬೈದೇನು. ಎರಡು ಸಲಕ್ಕೇ ಬಿಡಬೇಡ.